ಭಾಷೆ ಕಟ್ಟುವ ಹವ್ಯಾಸ: ಯಾವ ಬಗೆಯದು ನಿಮಗೆ ಒಗ್ಗೀತು?

ಪದವಿಯ ಎರಡನೆಯ ವರ್ಷದಲ್ಲಿ ನಾನೊಂದು ವಿಶ್ವಭಾಷೆ, ಅಂದರೆ ಲೋಕದವರೆಲ್ಲ ಕಲಿತು ಆಡಬಹುದಾದ ಹೊಸ ಭಾಷೆ, ಕಟ್ಟಲು ಹೊರಟಿದ್ದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹದಿನೇಳು ಪುಟ ತುಂಬಿತು. ಆ ಭಾಷೆಯನ್ನು ಆಡುವವರು ಇಬ್ಬರೇ: ನಾನು, ಮತ್ತು ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯ. ಅವನು ಕಲಿತದ್ದು ‘ಚಹಾ ಕುಡಿಯಲು ಹೋಗೋಣವೇ’ ಎಂಬ ಒಂದೇ ವಾಕ್ಯ. ಅದನ್ನೂ ತಪ್ಪಾಗಿ ಹೇಳುತ್ತಿದ್ದ. ತಿದ್ದಲು ಹೋದರೆ, “ನಿನ್ನ ಭಾಷೆ ನಿನಗೇ ಇರಲಿ ಮಾರಾಯ” ಎಂದು ಅಪ್ಪಟ ಕನ್ನಡದಲ್ಲಿ ಹೇಳಿ ಒಬ್ಬನೇ ಚಹಾಕ್ಕೆ ಹೋಗುತ್ತಿದ್ದ.

ನನ್ನ ವ್ಯಾಕರಣವೇನೂ ಅಷ್ಟು ಕೆಟ್ಟದಾಗಿರಲಿಲ್ಲ. ಎಡವಿದ್ದು ಆಯ್ಕೆಯಲ್ಲಿ. ಪದಗಳು ಬಾಯಿಂದ ಬಾಯಿಗೆ ಹೋಗುತ್ತ ಹೇಗೆ ಸವೆಯುತ್ತವೆ ಎಂಬುದು ನನಗೆ ಹುಚ್ಚು ಹಿಡಿಸುವ ವಿಷಯ. ಕೈಹಾಕಿದ್ದು ಮಾತ್ರ ಊರವರನ್ನೆಲ್ಲ ಒಪ್ಪಿಸಿ ಕಲಿಸಬೇಕಾದ ಕೆಲಸಕ್ಕೆ. ಅದಕ್ಕೆ ಬೇಕಾದದ್ದು ಸಂಘಟಕನ ಗುಣ, ಅದು ನನ್ನಲ್ಲಿ ಎಳ್ಳಷ್ಟೂ ಇಲ್ಲ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ಯಾವುದೋ ಚಿತ್ರದಲ್ಲಿ ಕೇಳಿದ ಭಾಷೆ ಮನಸ್ಸಿಗೆ ಹಿಡಿಸಿತೆಂದು ಅಂಥದ್ದನ್ನೇ ಕಟ್ಟಲು ಕೂರುತ್ತಾರೆ. ಜಿಲೇಬಿ ಇಷ್ಟವೆಂದ ಮಾತ್ರಕ್ಕೆ ಬಾಣಲೆಯ ಮುಂದೆ ನಿಲ್ಲುವುದೂ ಇಷ್ಟವಾಗಬೇಕೆಂದಿಲ್ಲ. ಹಾಗಾಗಿ ಇಲ್ಲಿ ನಾನು ಹೋಲಿಸುತ್ತಿರುವುದು ಭಾಷೆಗಳನ್ನಲ್ಲ, ಅವುಗಳ ಹಿಂದಿನ ಕೆಲಸವನ್ನು.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನೊಂದು ವಾಕ್ಯ ಇಟ್ಟುಕೊಂಡಿದ್ದೇನೆ: ‘ಅಜ್ಜಿಗೆ ಕಾಫಿ ಗೀಫಿ ಬೇಡವಂತೆ.’ ನಮ್ಮ ಮನೆಗಳಲ್ಲಿ ನಿತ್ಯ ಕೇಳುವ ಮಾತು. ಆದರೆ ಸ್ವಲ್ಪ ಬಿಚ್ಚಿ ನೋಡಿ. ಬೇಡವೆನ್ನುವವಳು ಅಜ್ಜಿ, ಆದರೂ ವಾಕ್ಯದಲ್ಲಿರುವುದು ‘ಅಜ್ಜಿ’ ಅಲ್ಲ, ‘ಅಜ್ಜಿಗೆ’. ‘ಬೇಡ’ ಎಂಬುದು ಲಿಂಗ, ವಚನ ಯಾವುದಕ್ಕೂ ಬಗ್ಗದ ಪದ. ‘ಗೀಫಿ’ಗೆ ಸ್ವಂತ ಅರ್ಥವೇ ಇಲ್ಲ, ಆದರೆ ಕಾಫಿಯ ಬೆನ್ನಿಗೆ ಬಂದಾಗ ಚಹಾ, ಹಾಲು, ಕಷಾಯ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕೊನೆಯ ‘ಅಂತೆ’ಯಂತೂ ಇಡೀ ಮಾತಿನ ಹೊಣೆಯನ್ನು ಬೇರೆಯವರ ಹೆಗಲಿಗೆ ದಾಟಿಸಿಬಿಡುತ್ತದೆ. ಯಾರೋ ಹೇಳಿದರು, ನಾನು ನಿಮಗೆ ತಲುಪಿಸಿದೆ, ಅಷ್ಟೇ. ನೀವು ಕಟ್ಟುವ ಭಾಷೆ ಈ ಪುಟ್ಟ ವಾಕ್ಯವನ್ನು ಹೇಗೆ ನುಂಗುತ್ತದೆ ಎಂಬುದರಲ್ಲಿ ಅದರ ಜಾತಕವೆಲ್ಲ ತಿಳಿಯುತ್ತದೆ.

ಗುಟ್ಟಿನ ಮಾತು

ಚಿಕ್ಕಂದಿನಲ್ಲಿ ನಾವು ಪ್ರತಿ ಅಕ್ಷರದ ಮೊದಲು ‘ಕ’ ಸೇರಿಸಿ ದೊಡ್ಡವರ ಎದುರೇ ಗುಟ್ಟು ಮಾತನಾಡುತ್ತಿದ್ದೆವು. ‘ನಾನು ನಾಳೆ ಬರುತ್ತೇನೆ’ ಎಂಬುದು ‘ಕನಾಕನು ಕನಾಕಳೆ ಕಬಕರುಕತ್ತೇಕನೆ’ ಆಗುತ್ತಿತ್ತು. ಇದು ಭಾಷೆಯಲ್ಲ, ಮುಖವಾಡ ಹಾಕಿದ ಕನ್ನಡ. ಪದಕ್ಕೆ ಪದ ಬದಲಿಸಿದರೆ ಇಡೀ ವಾಕ್ಯ ಸಿಕ್ಕಿಬಿಡುವುದಾದರೆ ನೀವು ಕಟ್ಟಿದ್ದು ಸಂಕೇತ ಮಾತ್ರ. ಮಕ್ಕಳೊಡನೆ ಒಂದು ಸಂಜೆ ಕಳೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಅಕ್ಷರಗಳನ್ನು ಬಿಡಿಸಿ ಕೇಳುವ ಕಿವಿಯೂ ಬರುತ್ತದೆ. ಇದರ ಆಚೆಗೆ ಹೋಗಬೇಕೆನಿಸಿದರೆ ಮುಂದೆ ಓದಿ.

ವಿಶ್ವಭಾಷೆ: ಜನ ಬೇಕು

ಎಲ್ಲರಿಗೂ ಗೊತ್ತಿರುವ ಉದಾಹರಣೆ ಎಸ್ಪೆರಾಂಟೊ. ಕಟ್ಟಿದವನು ಕಣ್ಣಿನ ವೈದ್ಯ ಲುಡ್ವಿಕ್ ಜಾಮೆನ್‌ಹಾಫ್. ಅವನು ಹುಟ್ಟಿ ಬೆಳೆದ ಬಿಯಾಲಿಸ್ತೊಕ್ ಪಟ್ಟಣದಲ್ಲಿ ರಷ್ಯನ್, ಪೋಲಿಷ್, ಯಿಡ್ಡಿಷ್, ಜರ್ಮನ್ ಆಡುವವರು ಅಕ್ಕಪಕ್ಕದಲ್ಲಿದ್ದೂ ಪರಸ್ಪರ ದೂರವೇ ಉಳಿದಿದ್ದರು. 1887ರಲ್ಲಿ ವಾರ್ಸಾದಲ್ಲಿ ‘ಡಾಕ್ಟರ್ ಎಸ್ಪೆರಾಂಟೊ’ ಎಂಬ ಹೆಸರಿನಲ್ಲಿ ಅವನ ಮೊದಲ ಪುಸ್ತಕ ಹೊರಬಂತು. ಆ ಹೆಸರಿಗೆ ‘ಭರವಸೆ ಇಟ್ಟವನು’ ಎಂದು ಅರ್ಥ. ವ್ಯಾಕರಣದ ನಿಯಮಗಳು ಹದಿನಾರು. ನಾಮಪದವೆಲ್ಲ ‘ಒ’ ಎಂದು ಮುಗಿಯುತ್ತದೆ, ಗುಣವಾಚಕ ‘ಆ’ ಎಂದು.

ಈ ಭಾಷೆ ಕನ್ನಡದವರಿಗೆ ಬೇಗ ಹತ್ತಿರವಾಗುತ್ತದೆ. ಆಸ್ಪತ್ರೆಗೆ ಅದರಲ್ಲಿ ‘ಮಲ್‌ಸಾನುಲೇಯೊ’ ಎನ್ನುವುದುಂಟು. ‘ಸಾನ್’ ಎಂದರೆ ಆರೋಗ್ಯ. ‘ಮಲ್’ ಅದನ್ನು ತಿರುವುಮುರುವು ಮಾಡುತ್ತದೆ. ‘ಉಲ್’ ಎಂದರೆ ಅಂಥ ವ್ಯಕ್ತಿ, ‘ಏಯ್’ ಎಂದರೆ ಜಾಗ, ‘ಒ’ ಅದನ್ನು ನಾಮಪದವಾಗಿಸುತ್ತದೆ. ‘ಮನೆಗಳಲ್ಲಿ’ ಎಂದು ಪ್ರತ್ಯಯಕ್ಕೆ ಪ್ರತ್ಯಯ ಅಂಟಿಸಿ ಬೆಳೆದ ನಮಗೆ ಇದರಲ್ಲಿ ಬೆರಗೇನಿಲ್ಲ. ಇಂಗ್ಲಿಷರನ್ನು ಗೋಳಾಡಿಸುವ ಕರ್ಮಕಾರಕದ ‘ನ್’ ಪ್ರತ್ಯಯ ನಮಗೆ ‘ಅನ್ನು’ವಿನ ತಮ್ಮನಂತೆ ಕಾಣುತ್ತದೆ. ನಮ್ಮ ಅಜ್ಜಿಯನ್ನು ಮಾತ್ರ ಇದು ಸ್ವಲ್ಪ ಅವಮಾನಿಸುತ್ತದೆ. ‘ಆವೊ’ ಎಂದರೆ ಅಜ್ಜ, ಅದಕ್ಕೆ ‘ಇನ್’ ಸೇರಿಸಿದರೆ ‘ಆವೀನೊ’, ಅಜ್ಜಿ. ಅಪ್ಪನಿಂದ ಅಮ್ಮನನ್ನು, ಅಜ್ಜನಿಂದ ಅಜ್ಜಿಯನ್ನು ಪಡೆಯುವ ಈ ಏರ್ಪಾಡಿನ ಬಗ್ಗೆ ಆ ಭಾಷಿಕರೊಳಗೇ ತಕರಾರಿದೆ.

ಇದಕ್ಕೂ ಮೊದಲು ಹೆಸರು ಮಾಡಿದ್ದು ವೊಲಾಪ್ಯುಕ್. ಯೋಹಾನ್ ಮಾರ್ಟಿನ್ ಶ್ಲೇಯರ್ ಎಂಬ ಜರ್ಮನ್ ಪಾದ್ರಿ 1879ರ ಒಂದು ನಿದ್ದೆಯಿಲ್ಲದ ರಾತ್ರಿ, ದೇವರೇ ಹೇಳಿದನೆಂದು, ಅದನ್ನು ಕಟ್ಟಲು ಕುಳಿತನು. ಹೆಸರಿನ ಎರಡು ತುಂಡುಗಳೂ ಇಂಗ್ಲಿಷಿನವು, ‘ವರ್ಲ್ಡ್’ ಮತ್ತು ‘ಸ್ಪೀಕ್’. ಕತ್ತರಿಸಿ ತಿದ್ದಿದ ಮೇಲೆ ಹೆತ್ತ ತಾಯಿಗೂ ಗುರುತು ಸಿಗದಂತಾಯಿತು. 1889ರ ಪ್ಯಾರಿಸ್ ಸಮ್ಮೇಳನ ನಡೆದದ್ದೇ ಆ ಭಾಷೆಯಲ್ಲಿ. ಆದರೆ ಸುಧಾರಣೆಯ ಮಾತು ಬಂದಾಗ ಕೊನೆಯ ತೀರ್ಮಾನ ತನ್ನದೇ ಎಂದು ಪಾದ್ರಿ ಪಟ್ಟು ಹಿಡಿದ, ಚಳವಳಿ ಒಡೆದು ಚೂರಾಯಿತು. ಈಗಲೂ ಡೆನ್ಮಾರ್ಕಿನವರು ಅರ್ಥವಾಗದ ಮಾತಿಗೆ ‘ವೊಲಾಪ್ಯುಕ್’ ಎನ್ನುತ್ತಾರೆ. ಜಾಮೆನ್‌ಹಾಫ್ ಇದಕ್ಕೆ ತದ್ವಿರುದ್ಧ, ತನ್ನ ಭಾಷೆಯ ಮೇಲಿನ ಹಕ್ಕನ್ನೇ ಬಿಟ್ಟುಕೊಟ್ಟ. 1905ರಿಂದ ಅದರ ವಿಶ್ವ ಸಮ್ಮೇಳನಗಳು ನಡೆಯುತ್ತಿವೆ, ತಾಯ್ನುಡಿಯಾಗಿ ಕಲಿತವರೂ ಇದ್ದಾರೆ.

ಆದ್ದರಿಂದ ಈ ಬಗೆ ಯಾರಿಗೆ? ಪತ್ರ ಬರೆಯುವುದು, ಪಾಠ ಮಾಡುವುದು, ಸಂಘ ಕಟ್ಟುವುದು ಇಷ್ಟವಿರುವವರಿಗೆ. ನನ್ನನ್ನು ಕೇಳಿದರೆ ಅಂಥವರು ಹೊಸತನ್ನು ಕಟ್ಟುವ ಬದಲು ಎಸ್ಪೆರಾಂಟೊವನ್ನೇ ಕಲಿಯುವುದು ಒಳ್ಳೆಯದು. ಜನರು ಆಗಲೇ ಅಲ್ಲಿದ್ದಾರೆ.

ಕಿರುಭಾಷೆ: ಒಂದು ಅಂಗೈ ಪದಗಳು

ಕೆನಡಾದ ಸೋನ್ಯಾ ಲಾಂಗ್ 2001ರಲ್ಲಿ ಹೊರತಂದ ‘ತೋಕಿ ಪೋನ’ದಲ್ಲಿ ಪದಗಳು ಸುಮಾರು 120. ಅದರ ಧ್ವನಿಗಳನ್ನು ತಿಳಿಯಲು ನಮಗೆ ವಿದೇಶಿ ಪಟ್ಟಿ ಯಾವುದೂ ಬೇಡ, ಒಂದನೆಯ ತರಗತಿಯ ವರ್ಣಮಾಲೆ ಸಾಕು. ಕ ವರ್ಗದಲ್ಲಿ ‘ಕ’ ಒಂದನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಿ. ಚ ವರ್ಗ, ಟ ವರ್ಗ ಪೂರ್ತಿ ಹೋಗಲಿ. ತ ವರ್ಗದಲ್ಲಿ ‘ತ, ನ’, ಪ ವರ್ಗದಲ್ಲಿ ‘ಪ, ಮ’. ಕೊನೆಯಲ್ಲಿ ‘ಯ, ಲ, ವ, ಸ’. ಒಂಬತ್ತು ವ್ಯಂಜನ, ಜೊತೆಗೆ ಐದು ಸ್ವರ. ಇಷ್ಟೇ. ಹೊಸ ಭಾಷೆಗೆ ಧ್ವನಿ ಆರಿಸುವವರಿಗೆ ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ. ನಮ್ಮ ಪಟ್ಟಿ ಗಂಟಲಿನಿಂದ ತುಟಿಯವರೆಗೆ ಸಾಲಾಗಿ ನಿಂತಿದೆ. ಸಾಲು ಸಾಲಾಗಿ ಅಳಿಸಿದರೆ ಭಾಷೆಗೆ ಒಂದು ಸ್ವಭಾವ ಬರುತ್ತದೆ. ಅಲ್ಲೊಂದು ಇಲ್ಲೊಂದು ಅಳಿಸಿದರೆ ಹಲ್ಲು ಬಿದ್ದ ಬಾಯಿಯಂತಾಗುತ್ತದೆ.

ಇಷ್ಟು ಕಡಿಮೆ ಪದಗಳಲ್ಲಿ ಬದುಕುವುದು ಹೇಗೆ? ಬಳಸಿ ಹೇಳಿ. ‘ತೋಮೊ’ ಮನೆ, ‘ತಾವ’ ಚಲನೆ, ‘ತೋಮೊ ತಾವ’ ಕಾರು. ‘ಯಾನ್ ಪೋನ’, ಒಳ್ಳೆಯ ವ್ಯಕ್ತಿ, ಅಂದರೆ ಗೆಳೆಯ. ಗುಣ ಹೇಳುವ ಪದ ಆಮೇಲೆ ಬರುತ್ತದೆ, ಕನ್ನಡಕ್ಕೆ ಉಲ್ಟಾ. ನಾನೊಮ್ಮೆ ಹೋಟೆಲಿನಲ್ಲಿ ಕುಳಿತು ಚೌಚೌಬಾತನ್ನು ಇದರಲ್ಲಿ ಹೇಳಲು ಹೆಣಗಿದೆ. ಧಾನ್ಯಕ್ಕೆ ‘ಪಾನ್’, ಸಿಹಿಗೆ ‘ಸುವಿ’, ಬಿಸಿಗೆ ‘ಸೆಲಿ’. ಕೇಸರಿಬಾತು ‘ಪಾನ್ ಸುವಿ’ ಆಯಿತು, ಖಾರಾಬಾತು ‘ಪಾನ್ ಸೆಲಿ’. ಆದರೆ ‘ಪಾನ್ ಸೆಲಿ’ ಎಂದರೆ ಬ್ರೆಡ್ಡೂ ಹೌದು. ಅಲ್ಲದೆ ಎದುರು ಕುಳಿತವರಿಗೆ ‘ಪಾನ್’ ಎಂದರೆ ಬೀಡಾ ಅಂಗಡಿ ನೆನಪಾಗುತ್ತದೆ.

ಅಜ್ಜಿಯ ವಾಕ್ಯ ಇಲ್ಲಿ ಉದ್ದವಾಗುತ್ತದೆ. ಕಾಫಿ ‘ತೇಲೊ ಪಿಮೆಯ ವಾವ’, ಕಪ್ಪಾದ ಬಲವಾದ ನೀರು. ಅಜ್ಜಿ ಎನ್ನಲು ‘ತಾಯಿಯ ತಾಯಿ’ ಎಂದೇನಾದರೂ ಹೇಳಬೇಕು. ‘ಅಂತೆ’ಗೆ ‘ಯಾರೋ ಹೀಗೆ ಹೇಳಿದರು’ ಎಂಬ ಇನ್ನೊಂದು ವಾಕ್ಯವೇ ಬೇಕು. ‘ಗೀಫಿ’ಗೆ ದಾರಿಯೇ ಇಲ್ಲ. ಮನೆ ಬಾಡಿಗೆಯ ಕರಾರನ್ನು ಈ ಭಾಷೆಯಲ್ಲಿ ಬರೆಯಲು ಹೋಗಬೇಡಿ, ಸಂಖ್ಯೆಗಳು ಅಷ್ಟು ಬಡವಾಗಿವೆ.

ಒಂದು ವಾರಾಂತ್ಯದಲ್ಲಿ ಇಂಥದ್ದೊಂದನ್ನು ನೀವೂ ಕಟ್ಟಬಹುದು. ಕೆಲಸ ಮುಗಿಯುವುದು ಕಣ್ಣಿಗೆ ಕಾಣುತ್ತದೆ, ಈ ಹವ್ಯಾಸದಲ್ಲಿ ಅದು ಅಪರೂಪದ ಸುಖ. ಕಷ್ಟವಿರುವುದು ಪದ ಸೇರಿಸುವುದರಲ್ಲಲ್ಲ, ಬೇಡವೆನ್ನುವುದರಲ್ಲಿ. ‘ನಾಯಿ’ ಬೇಕೇ, ‘ಪ್ರಾಣಿ’ ಸಾಕೇ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಹಿತವೆನಿಸಿದರೆ ಇದು ನಿಮ್ಮದು.

ತರ್ಕದ ಭಾಷೆ: ನಿಯಮಪ್ರಿಯರಿಗೆ

ಮಾತಿನಲ್ಲಿ ಅನುಮಾನಕ್ಕೆ ಎಡೆಯೇ ಇರಬಾರದು ಎಂಬ ಹಟದಿಂದ ಹುಟ್ಟಿದವು ಇವು. 1668ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ಲೋಕದ ವಸ್ತುಗಳನ್ನೆಲ್ಲ ವರ್ಗ, ಉಪವರ್ಗ ಮಾಡಿ ಪ್ರತಿ ಅಕ್ಷರಕ್ಕೂ ಒಂದು ಅರ್ಥ ಕೊಟ್ಟನು. ‘ಡೆ’ ಎಂದರೆ ಧಾತು, ‘ಡೆಬ್’ ಬೆಂಕಿ, ‘ಡೆಬಾ’ ಜ್ವಾಲೆ. ಕೇಳಲು ಅದ್ಭುತ. ಆದರೆ ಹತ್ತಿರದ ವಸ್ತುಗಳ ಹೆಸರುಗಳೆಲ್ಲ ಹತ್ತಿರವೇ ಆಗಿಬಿಡುತ್ತವೆ. ಅಡುಗೆಮನೆಯಲ್ಲಿ ಉಪ್ಪಿಗೂ ಸಕ್ಕರೆಗೂ ಒಂದೇ ಅಕ್ಷರದ ಅಂತರವಿದ್ದರೆ ಪಾಯಸದ ಗತಿ ಏನಾದೀತು, ಯೋಚಿಸಿ. ನಿಜವಾದ ಭಾಷೆಗಳು ಜೊತೆಜೊತೆಗೆ ಬಳಕೆಯಾಗುವ ವಸ್ತುಗಳಿಗೆ ಬೇರೆಬೇರೆ ದನಿಯ ಹೆಸರಿಟ್ಟಿರುವುದು ಸೋಮಾರಿತನದಿಂದಲ್ಲ.

ಈ ಬಗೆಯಲ್ಲಿ ಇಂದು ಬಳಕೆಯಲ್ಲಿರುವುದು ಲೋಜ್‌ಬಾನ್. ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಶುರುಮಾಡಿದ ಲಾಗ್ಲಾನ್‌ನಿಂದ ಒಡೆದು 1987ರಲ್ಲಿ ಬೇರೆಯಾದದ್ದು. ಅದರ ಮೂಲಪದಗಳನ್ನು ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬಿಗಳಿಂದ ಲೆಕ್ಕ ಹಾಕಿ ಬೆರೆಸಿದರು. ದ್ರಾವಿಡ ಭಾಷೆಗಳಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ. ‘ಹೋಗು’ ಎಂಬುದಕ್ಕೆ ಅಲ್ಲಿ ‘ಕ್ಲಾಮ’. ಆ ಪದಕ್ಕೆ ಐದು ಖಾಲಿ ಕುರ್ಚಿಗಳಿವೆ: ಯಾರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿಯಲ್ಲಿ, ಯಾವುದರಲ್ಲಿ. ‘ನಾನು, ಮೈಸೂರು, ಬೆಂಗಳೂರು, ಚನ್ನಪಟ್ಟಣ, ಬಸ್ಸು’ ಎಂದು ಅದೇ ಕ್ರಮದಲ್ಲಿ ಕೂರಿಸಿದರೆ ಸಾಕು. ನಾವಾದರೆ ‘ಗೆ, ಇಂದ, ಅಲ್ಲಿ’ ಎಂದು ಬಾಲ ಅಂಟಿಸಿ ಯಾವ ಕ್ರಮದಲ್ಲಾದರೂ ಹೇಳುತ್ತೇವೆ. ಅವರಿಗೆ ಕ್ರಮವೇ ವಿಭಕ್ತಿ.

ಅಜ್ಜಿಯ ವಾಕ್ಯದಲ್ಲಿ ಲೋಜ್‌ಬಾನ್ ನನಗೊಂದು ಅಚ್ಚರಿ ಕೊಟ್ಟಿತು. ನಮ್ಮ ‘ಅಂತೆ’ಗೆ ಅಲ್ಲಿ ‘ತಿಹೆ’ ಎಂಬ ಒಂದೇ ಕಿರುಪದ ಸಿದ್ಧವಾಗಿದೆ, ಕೇಳಿದ ಮಾತು ಎಂದು ಸೂಚಿಸಲು. ಸೂಜೆಟ್ ಹೇಡನ್ ಎಲ್ಜಿನ್ 1982ರಲ್ಲಿ ಹೆಂಗಸರ ಅನುಭವವನ್ನು ಹೇಳಲೆಂದೇ ಕಟ್ಟಿದ ‘ಲಾದನ್’ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ಹೇಳುವವರಿಗೆ ಆ ಸಂಗತಿ ಹೇಗೆ ಗೊತ್ತಾಯಿತು ಎಂಬುದನ್ನು ವಾಕ್ಯದ ಕೊನೆಯ ಪದ ತಿಳಿಸುತ್ತದೆ. ಇಂಗ್ಲಿಷ್ ಆಡುವವರು ಇದನ್ನೊಂದು ದೊಡ್ಡ ಆವಿಷ್ಕಾರವೆಂದು ಕೊಂಡಾಡುವಾಗ ನಮ್ಮ ಪಕ್ಕದ ಮನೆಯವರ ‘ಅಂತೆ ಕಂತೆ’ ನೆನಪಾಗಿ ನಗು ಬರುತ್ತದೆ.

ಲೆಕ್ಕ, ಪ್ರೋಗ್ರಾಮಿಂಗ್, ಚದುರಂಗ ಇಷ್ಟವಿರುವವರು ಇಲ್ಲಿ ಸುಖಪಡುತ್ತಾರೆ. ನನಗೆ ಎರಡು ವಾರದಲ್ಲಿ ತಲೆನೋವು ಬಂತು.

ಕಥೆಯ ಭಾಷೆ: ಕೇಳಲು ಚೆಂದವಿರಬೇಕು

ಕ್ರಿ.ಶ. ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನದ ಪಪೈರಸ್ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದೆ. ಅದರಲ್ಲಿ ಭಾರತದ ತೀರದ ರಾಜ ಮತ್ತು ಅವನ ಕಡೆಯವರು ಗ್ರೀಕರಿಗೆ ತಿಳಿಯದ ಭಾಷೆ ಆಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದರು, ನಮ್ಮ ಗೋವಿಂದ ಪೈಗಳೂ ಆ ಸಾಲುಗಳನ್ನು ಬಿಡಿಸಲು ಕುಳಿತರು. ಅಲ್ಲ, ಅದು ನಗಿಸಲು ಹೊಸೆದ ಅರ್ಥವಿಲ್ಲದ ಶಬ್ದ ಎನ್ನುವವರೂ ಇದ್ದಾರೆ. ಕಥೆಗೆ ಭಾಷೆ ಕಟ್ಟುವವರಿಗೆ ಇದರಲ್ಲೊಂದು ಸಮಾಧಾನವಿದೆ. ಒಂದೆರಡು ದೃಶ್ಯಕ್ಕೆ ಬರೀ ಶಬ್ದ ಸಾಕು, ವ್ಯಾಕರಣ ಬೇಕಿಲ್ಲ. ಆದರೆ ಪಾತ್ರಗಳು ಎರಡನೆಯ ಸಲ ಬಾಯಿ ತೆರೆದಾಗ ಅದೇ ಪದ ಅದೇ ಅರ್ಥದಲ್ಲಿ ಬರದಿದ್ದರೆ ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಕ್ಲಿಂಗಾನ್ ಹುಟ್ಟಿದ್ದು ಹೀಗೆಯೇ. 1984ರ ‘ಸ್ಟಾರ್ ಟ್ರೆಕ್’ ಚಿತ್ರಕ್ಕೆ ಅದನ್ನು ಕಟ್ಟಿದ ಮಾರ್ಕ್ ಓಕ್ರಾಂಡ್, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಭಾಷೆಯ ಮೇಲೆ ಪಿಎಚ್‌ಡಿ ಮಾಡಿದವರು. ಬೇರೆ ಲೋಕದವರ ಮಾತು ಎನಿಸಬೇಕೆಂದು ಅವರು ಭೂಮಿಯ ಭಾಷೆಗಳಲ್ಲಿ ಒಟ್ಟಿಗೆ ಇರದ ಧ್ವನಿಗಳನ್ನು ಒಟ್ಟಿಗೆ ಕೂರಿಸಿದರು. ನಾಲಿಗೆ ಮಡಿಚಿ ಹೇಳುವ ‘ಡ’ ಇದೆ, ಅದರ ಜೋಡಿ ‘ಟ’ ಇಲ್ಲ. ‘ಷ’ ಇದೆ, ಸಾದಾ ‘ಕ’ ಇಲ್ಲ. ಅಮೆರಿಕದವರು ಒದ್ದಾಡುವ ಆ ‘ಡ’ವನ್ನು ನಮ್ಮ ಮೂರು ವರ್ಷದ ಮಗು ಹೇಳುತ್ತದೆ. ವಾಕ್ಯದ ಕ್ರಮವನ್ನೂ ತಿರುಗಿಸಿದರು, ಕರ್ಮ ಮೊದಲು, ಕರ್ತೃ ಕೊನೆಗೆ. ‘ಪುಕ್ ಲೆಗ್ ಯಾಷ್’ ಎಂದರೆ ಮಗುವನ್ನು ನೋಡುತ್ತಾನೆ ಅಧಿಕಾರಿ. ಭೂಮಿಯಲ್ಲಿ ಬಲು ಅಪರೂಪವಾದ ಕ್ರಮ ಎಂದು ಪುಸ್ತಕಗಳು ಹೇಳುತ್ತವೆ, ನಿಜ. ಆದರೆ ‘ಕಾಫಿ ಬೇಡವಂತೆ ಅಜ್ಜಿಗೆ’ ಎಂದು ನಮ್ಮ ಅತ್ತೆ ಅಡುಗೆಮನೆಯಿಂದ ಕೂಗಿದಾಗ ಯಾರಿಗೂ ಅನ್ಯಗ್ರಹ ನೆನಪಾಗುವುದಿಲ್ಲ.

ಡೇವಿಡ್ ಪೀಟರ್‌ಸನ್ ಕಟ್ಟಿದ ದೋತ್ರಾಕಿ 2011ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ಕಿರುತೆರೆಗೆ ಬಂತು. ಅದರಲ್ಲಿ ನಾನು ಮೆಚ್ಚುವುದು ಧ್ವನಿಯನ್ನಲ್ಲ, ಬದುಕಿಗೆ ಅಂಟಿಕೊಂಡಿರುವ ರೀತಿಯನ್ನು. ಕುದುರೆಯ ಮೇಲೆಯೇ ಬಾಳುವ ಜನ ‘ಚೆನ್ನಾಗಿದ್ದೀಯಾ’ ಎನ್ನಲು ‘ಚೆನ್ನಾಗಿ ಸವಾರಿ ಮಾಡುತ್ತಿದ್ದೀಯಾ’ ಎನ್ನುತ್ತಾರೆ. ನಮ್ಮಲ್ಲಿ ‘ಊಟ ಆಯಿತೇ’ ಎಂದು ಕೇಳಿದಂತೆ. ಹೊಸ ಭಾಷೆಗೆ ಮೊದಲು ಹುಡುಕಬೇಕಾದದ್ದು ಇಂಥ ವಾಕ್ಯ, ‘ನಮಸ್ಕಾರ’ಕ್ಕೆ ಒಂದು ಪದವನ್ನಲ್ಲ.

ನಮಗೆ ಹತ್ತಿರದ್ದೆಂದರೆ ಕಿಲಿಕಿ. 2015ರ ‘ಬಾಹುಬಲಿ’ಯ ಕಾಲಕೇಯರಿಗಾಗಿ ತಮಿಳಿನ ಮದನ್ ಕಾರ್ಕಿ ಸುಮಾರು 750 ಪದ, 40 ನಿಯಮಗಳಿಂದ ಕಟ್ಟಿದ್ದು. ‘ಮಿನ್’ ಎಂದರೆ ನಾನು, ‘ನಿಮ್’ ಎಂದರೆ ನೀನು. ತಿರುಗಿಸಿದರೆ ಎದುರು ಅರ್ಥ. ಮಕ್ಕಳು ಕೂಡಲೇ ಹಿಡಿದುಕೊಳ್ಳುವ ಜಾಣ ತಂತ್ರ. ಇಡೀ ಭಾಷೆಯನ್ನು ಅದರ ಮೇಲೇ ನಿಲ್ಲಿಸಿದರೆ ವಿಲ್ಕಿನ್ಸನ ಉಪ್ಪು ಸಕ್ಕರೆಯ ತೊಂದರೆ ಇಲ್ಲೂ ತಲೆ ಹಾಕುತ್ತದೆ ಎಂಬುದು ನೆನಪಿರಲಿ.

ನಾಟಕ, ಕಾದಂಬರಿ, ಆಟ ಯಾವುದಾದರೂ ಬರೆಯುತ್ತಿದ್ದರೆ ಈ ಬಗೆಯನ್ನು ಆರಿಸಿ, ಬೇಕಾದಷ್ಟೇ ಕಟ್ಟಿ. ಕಥೆ ಇಲ್ಲದೆ ಇದಕ್ಕೆ ಕೈಹಾಕಿದರೆ ಬೇಗ ಬೇಸರ ಬರುತ್ತದೆ.

ಇತಿಹಾಸವುಳ್ಳ ಭಾಷೆ

ನನ್ನ ಪಕ್ಷಪಾತವನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ, ನಾನು ಕೊನೆಗೆ ಬಂದು ನಿಂತದ್ದು ಈ ಬಾಗಿಲಿಗೆ. ಈ ಬಗೆಯ ಹಿರಿಯ, ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್. 1931ರ ಒಂದು ಉಪನ್ಯಾಸದಲ್ಲಿ ಭಾಷೆ ಕಟ್ಟುವುದು ತನ್ನ ಗುಟ್ಟಿನ ದುಶ್ಚಟ ಎಂದು ಒಪ್ಪಿಕೊಂಡ ಆಕ್ಸ್‌ಫರ್ಡಿನ ಪ್ರಾಧ್ಯಾಪಕ. ಅವನು ಒಂದು ಭಾಷೆ ಕಟ್ಟಿ ನಿಲ್ಲಿಸಲಿಲ್ಲ. ಮೊದಲೊಂದು ಮೂಲಭಾಷೆ ಕಲ್ಪಿಸಿ ಅದನ್ನು ಎರಡು ದಾರಿಯಲ್ಲಿ ಸವೆಸಿದ. ಮರಕ್ಕೆ ಮೂಲದಲ್ಲಿ ‘ಗಲದಾ’. ಒಂದು ದಾರಿಯಲ್ಲಿ ಅದು ಕ್ವೆನ್ಯದ ‘ಅಲ್ದ’ ಆಯಿತು, ಇನ್ನೊಂದರಲ್ಲಿ ಸಿಂದರಿನ್‌ನ ‘ಗಲಧ್’. ಒಂದರ ದನಿ ಫಿನ್ನಿಷ್ ಕಡೆಗೆ, ಇನ್ನೊಂದರದು ವೆಲ್ಷ್ ಕಡೆಗೆ.

ಇದನ್ನು ಕಲಿಯಲು ಕನ್ನಡದವರು ದೂರ ಹೋಗಬೇಕಾಗಿಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಪದದ ಮೊದಲ ‘ಪ’ಕಾರ ‘ಹ’ಕಾರವಾಯಿತು, ಆದರೆ ಒತ್ತಿನ ‘ಪ್ಪ’ ಜಗ್ಗಲಿಲ್ಲ. ಹಾಗಾಗಿ ಅಪ್ಪ ಅಪ್ಪನಾಗಿಯೇ ಇದ್ದಾನೆ, ಉಪ್ಪು ತುಪ್ಪಗಳೂ ಉಳಿದಿವೆ. ಇನ್ನೂ ಸೊಗಸಾದದ್ದು ಎಣಿಕೆಯಲ್ಲಿದೆ. ಪತ್ತು ಹತ್ತಾಯಿತು. ಆದರೆ ಇಪ್ಪತ್ತು, ಎಪ್ಪತ್ತುಗಳ ಒಳಗೆ ಆ ಹಳೆಯ ಪತ್ತು ಹಾಗೆಯೇ ಕುಳಿತಿದೆ. ಎಣಿಸುವಾಗಲೆಲ್ಲ ನಾವು ಅದನ್ನು ಬಾಯಲ್ಲಿ ಹೊರಳಿಸುತ್ತೇವೆ, ಗಮನಿಸುವುದಿಲ್ಲ. ಕಟ್ಟಿದ ಭಾಷೆ ನಿಜವೆನಿಸಬೇಕಾದರೆ ಇಂಥ ಹಳೆಯ ಚೂರುಗಳು ಅಲ್ಲಲ್ಲಿ ಬಿದ್ದಿರಬೇಕು. ಅವನ್ನು ಸುಮ್ಮನೆ ಎಸೆದರೆ ಕೃತಕವಾಗುತ್ತದೆ, ನಿಯಮ ಹಾಕಿ ಸವೆಸಿದರೆ ತಾವಾಗಿಯೇ ಉಳಿಯುತ್ತವೆ.

‘ಹೀಗಾಗಿದ್ದರೆ’ ಎಂಬ ಆಟವೂ ಇದರ ತಮ್ಮನೇ. ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ 1996ರಲ್ಲಿ ಕಟ್ಟಿದ ಬ್ರಿಥೆನಿಗ್, ಬ್ರಿಟನ್ನಿನಲ್ಲಿ ಲ್ಯಾಟಿನ್ ಬೇರೂರಿ ವೆಲ್ಷ್ ಭಾಷೆಯ ಹಾಗೆ ಸವೆದಿದ್ದರೆ ಏನಾಗುತ್ತಿತ್ತು ಎಂಬ ಕಲ್ಪನೆ. ನಾನು ಕೆಲವು ವರ್ಷಗಳಿಂದ ಕನ್ನಡಕ್ಕೇ ಇದನ್ನು ಮಾಡುತ್ತಿದ್ದೇನೆ. ಹಳೆ ಮೈಸೂರಿನ ಹಳ್ಳಿಗಳ ಆಡುಮಾತಿನಲ್ಲಿ ‘ಹಾಲು’ ಈಗಲೇ ‘ಆಲು’ ಆಗಿರುವುದುಂಟು. ಎಲ್ಲ ಕನ್ನಡವೂ ಆ ದಾರಿಯಲ್ಲಿ ಪೂರ್ತಿ ನಡೆದುಬಿಟ್ಟರೆ? ‘ಹಾಡಿದಳು’ ಮತ್ತು ‘ಆಡಿದಳು’ ಒಂದೇ ಆಗುತ್ತವೆ. ‘ಹತ್ತು ಸಲ ಅತ್ತು’ ಎಂಬುದು ‘ಅತ್ತು ಸಲ ಅತ್ತು’ ಆಗುತ್ತದೆ. ಹಾಗಾದಾಗ ಜನ ಕೈಕಟ್ಟಿ ಕೂರುವುದಿಲ್ಲ. ಹಾಡುವುದಕ್ಕೆ ‘ರಾಗ ಎಳೆ’ ಎಂದಾರು, ಅದು ‘ರಾಗೆಳೆ’ ಆದೀತು. ಒಂದು ಧ್ವನಿ ಬಿದ್ದರೆ ಹತ್ತು ಪದ ಕದಲುತ್ತವೆ, ಪದ ಕದಲಿದರೆ ವ್ಯಾಕರಣ ಕದಲುತ್ತದೆ. ನನಗೆ ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಬಾರದಂತೆ ಮಾಡುವುದು ಈ ಸರಪಳಿ.

ಅಜ್ಜಿಯ ವಾಕ್ಯದ ‘ಗೀಫಿ’ ಇಲ್ಲಿ ನನಗೊಂದು ದಾರಿ ತೋರಿಸಿತು. ‘ಮನೆ ಗಿನೆ’, ‘ಹಾಲು ಗೀಲು’ ಎಂಬಲ್ಲಿನ ಎರಡನೆಯ ಮಾರ್ದನಿ ಪದ ‘ಇಂಥವೆಲ್ಲ’ ಎನ್ನುತ್ತದೆ. ಇನ್ನೂರು ವರ್ಷ ಕಳೆದ ಮೇಲೆ ಮೊದಲ ಪದ ಉದುರಿಹೋಗಿ ಮಾರ್ದನಿಯೇ ಬಹುವಚನವಾಗಿ ಉಳಿದರೆ? ಮನೆ ಒಂದು, ಗಿನೆ ಹಲವು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಕುಣಿದಾಡಿದೆ. ಮಾರನೆಯ ದಿನ ನೋಡಿದರೆ ಮರ, ಬರ, ವರ ಮೂರಕ್ಕೂ ಬಹುವಚನ ‘ಗಿರ’. ‘ಊರಿನಲ್ಲಿ ಗಿರ ಹೆಚ್ಚಾಗಿವೆ’ ಎಂದರೆ ತೋಟವೋ, ಕ್ಷಾಮವೋ, ಮದುವೆ ದಲ್ಲಾಳಿಗೆ ಸುಗ್ಗಿಯೋ ತಿಳಿಯದು. ಆ ಗಂಟು ಇನ್ನೂ ಬಿಚ್ಚಿಲ್ಲ.

ಇದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ಮುಗಿಯಿತು ಎನ್ನುವಂತಿಲ್ಲ, ಯಾರಿಗೂ ತೋರಿಸುವಂತೆಯೂ ಇಲ್ಲ. ತೋರಿಸಿದರೆ ಅರ್ಧ ಗಂಟೆ ಪೀಠಿಕೆ ಹಾಕಬೇಕು. ಹಳಗನ್ನಡ ಓದುವಾಗ ಪದ್ಯಕ್ಕಿಂತ ಅಡಿಟಿಪ್ಪಣಿಯ ಪದವೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ ಎಂದಾದರೆ ಮಾತ್ರ ಬನ್ನಿ.

ಲಿಪಿ ಮಾತ್ರ ಸಾಕೆನ್ನುವವರು

ಕೆಲವರಿಗೆ ವ್ಯಾಕರಣ ಬೇಡ, ಅಕ್ಷರ ಬರೆಯುವ ಸುಖ ಸಾಕು. ತಪ್ಪೇನಿಲ್ಲ. ಕನ್ನಡವನ್ನೇ ಹೊಸ ಲಿಪಿಯಲ್ಲಿ ಬರೆದು ದಿನಚರಿ ಇಡಿ. ಟೋಲ್ಕಿನ್‌ನ ತೆಂಗ್ವಾರ್ ಲಿಪಿಯಲ್ಲಿ ಅಕ್ಷರದ ಆಕಾರ ನೋಡಿಯೇ ಅದು ಬಾಯಲ್ಲಿ ಎಲ್ಲಿ, ಹೇಗೆ ಹುಟ್ಟುತ್ತದೆಂದು ಹೇಳಬಹುದು. ವರ್ಗಾಕ್ಷರ ಬಾಯಿಪಾಠ ಮಾಡಿದವರಿಗೆ ಆ ತರ್ಕ ಕೂಡಲೇ ಹೊಳೆಯುತ್ತದೆ. ಒತ್ತಕ್ಷರಕ್ಕೆ ಏನು ಮಾಡುತ್ತೀರಿ ಎಂಬುದನ್ನು ಮಾತ್ರ ಮೊದಲೇ ಯೋಚಿಸಿ. ‘ರಾಷ್ಟ್ರ’ ಬರೆದು ನೋಡಿದರೆ ಲಿಪಿಯ ಬಂಡವಾಳ ಬಯಲಾಗುತ್ತದೆ.

ಆರಿಸುವ ಮುನ್ನ

ಒಂದು ವಾರಾಂತ್ಯವಷ್ಟೇ ಇದೆಯೇ? ಕಿರುಭಾಷೆ. ಮನೆಯಲ್ಲಿ ಮಕ್ಕಳಿದ್ದರೂ ಅದೇ, ಅವರು ನಿಮಗಿಂತ ಬೇಗ ಕಲಿತು ನಿಮ್ಮನ್ನೇ ತಿದ್ದುತ್ತಾರೆ. ಕಥೆಯ ಭಾಷೆಗೂ ಇತಿಹಾಸದ ಭಾಷೆಗೂ ನಡುವೆ ತೂಗಾಡುತ್ತಿದ್ದರೆ ಕಥೆಯದನ್ನೇ ಹಿಡಿಯಿರಿ. ಅದಕ್ಕೊಂದು ಗಡುವು ಇರುತ್ತದೆ, ಆಮೇಲೆ ಬೇಕಾದರೆ ಹಿಂದಕ್ಕೆ ಬೇರು ಬಿಡಬಹುದು. ತರ್ಕದ ಭಾಷೆ ಮತ್ತು ಕಿರುಭಾಷೆಗಳ ನಡುವೆ ಗೊಂದಲವಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಎರಡು ಅರ್ಥ ಬರುವ ಮಾತು ಕೇಳಿದಾಗ ನಿಮಗೆ ನಗು ಬರುತ್ತದೆಯೋ, ಸಿಟ್ಟೋ? ಸಿಟ್ಟು ಬರುವವರು ಲೋಜ್‌ಬಾನಿನ ಕಡೆಗೆ ಹೋಗಿ.

ಸಲಕರಣೆಗೆ ಹಣ ಹಾಕಬೇಡಿ. ಪದಗಳನ್ನು ತಾನೇ ಹುಟ್ಟಿಸಿಕೊಡುವ ತಂತ್ರಾಂಶಗಳಿವೆ, ಆದರೆ ಅವು ಕೊಡುವ ಐನೂರು ಪದಗಳಲ್ಲಿ ಒಂದೂ ನಿಮ್ಮದಲ್ಲ. ಒಂದು ಸ್ಪ್ರೆಡ್‌ಶೀಟ್ ಸಾಕು. ವ್ಯಾಕರಣದಲ್ಲಿ ಏನೇನು ತೀರ್ಮಾನಿಸಬೇಕೆಂದು ತೋಚದಿದ್ದರೆ ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಪ್ರಕರಣಗಳ ಹೆಸರುಗಳನ್ನೇ ತಲೆಬರಹವಾಗಿಡಿ: ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ. ಪ್ರತಿಯೊಂದರ ಕೆಳಗೆ ನಿಮ್ಮ ಭಾಷೆ ಏನು ಮಾಡುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ‘ಇಲ್ಲ’ ಎಂದು ಬರೆದರೂ ಅದೊಂದು ತೀರ್ಮಾನವೇ.

ಪದಪಟ್ಟಿಯಿಂದ ಮಾತ್ರ ಶುರುಮಾಡಬೇಡಿ. ಹನ್ನೆರಡನೆಯ ಶತಮಾನದಲ್ಲಿ ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಸಾವಿರಕ್ಕೂ ಸ್ವಲ್ಪ ಹೆಚ್ಚು ಹೊಸ ಪದಗಳನ್ನು ಮಾಡಿದಳು. ದೇವರು, ದೇವದೂತರಿಂದ ಹಿಡಿದು ಹುಳಹುಪ್ಪಟೆಯವರೆಗೆ ಹೆಸರುಗಳಿವೆ, ಬಹುತೇಕ ಎಲ್ಲವೂ ನಾಮಪದ. ಅವುಗಳಿಂದ ಅಜ್ಜಿಗೆ ಕಾಫಿ ಬೇಡವೆಂದು ಹೇಳಲು ಆಗುವುದಿಲ್ಲ. ಮೊದಲು ಇಪ್ಪತ್ತು ವಾಕ್ಯ ಬರೆದುಕೊಳ್ಳಿ, ನಿಮ್ಮ ಮನೆಯಲ್ಲಿ ಇವತ್ತು ಆಡಿದವನ್ನೇ. ಗ್ಯಾಸ್ ಮುಗಿಯಿತು, ಬಾಗಿಲು ಹಾಕು, ಅವನು ಬಂದಿದ್ದನಂತೆ, ನನಗೆ ಚಳಿಯಾಗುತ್ತಿದೆ. ಆ ಇಪ್ಪತ್ತಕ್ಕೆ ಬೇಕಾದ ಪದಗಳನ್ನಷ್ಟೇ ಮಾಡಿ. ಅರವತ್ತರ ಆಸುಪಾಸು ಬರುತ್ತವೆ.